ಬಾಂದುಕಲ್ಲಿನ ಕ್ರಿಯಾಪದ: ‘ಟರ್ಮಿನೇಟ್’ ಬಗ್ಗೆ ಒಂದಿಷ್ಟು ಮಾತು

(ಕೆಲಸ ಹುಡುಕುತ್ತಿರುವ ಪದವಿ ವಿದ್ಯಾರ್ಥಿಗಳಿಗೂ ಅವರ ಮನೆಯವರಿಗೂ ಆಡಿದ ಮಾತಿನ ಬರಹ ರೂಪ. ಆಡುವಾಗ ಸೇರಿಕೊಂಡ ಕೆಲವು ಹರಟೆಗಳನ್ನು ಹಾಗೇ ಬಿಟ್ಟಿದ್ದೇನೆ.)

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಂಜೆ ಮನೆಗೆ ಬಂದ. ಒಳಗೆ ಬಾ ಅಂದರೂ ಬರಲಿಲ್ಲ, ಬಾಗಿಲಲ್ಲೇ ನಿಂತ. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ. ಬೆವರಿಗೋ ಏನೋ ಮಡಿಕೆಯ ಗೆರೆಗಳು ಸವೆದುಹೋಗಿದ್ದವು. ಅದರಲ್ಲಿದ್ದದ್ದು ಹೆಚ್ಚು ಕಡಿಮೆ ಒಂದೇ ಸಾಲು. ‘ಯುವರ್ ಸರ್ವಿಸಸ್ ಸ್ಟ್ಯಾಂಡ್ ಟರ್ಮಿನೇಟೆಡ್ ವಿತ್ ಇಮ್ಮಿಡಿಯೇಟ್ ಎಫೆಕ್ಟ್.’

‘ಸರ್, ನನ್ನನ್ನ ವಜಾ ಮಾಡಿಬಿಟ್ಟರು. ನಾನೇನು ತಪ್ಪು ಮಾಡಿದೆ ಅಂತ ಒಬ್ಬರೂ ಹೇಳ್ತಿಲ್ಲ’ ಅಂದ.

ವಿಚಾರಿಸಿದರೆ, ಕಾಗದ ಬಂದು ಮೂರು ವಾರ ಆಗಿತ್ತು. ಮನೆಯಲ್ಲಿ ಹೇಳಿರಲಿಲ್ಲ. ದಿನಾ ಬೆಳಗ್ಗೆ ಅಮ್ಮ ಕಟ್ಟಿಕೊಟ್ಟ ಊಟದ ಡಬ್ಬಿ ಹಿಡಿದು ಹೊರಡುವುದು, ಬಸ್ ಸ್ಟ್ಯಾಂಡಿನಲ್ಲೋ ಪಾರ್ಕಿನಲ್ಲೋ ಕೂತು ಸಂಜೆ ವಾಪಸ್ ಬರುವುದು. ‘ವಜಾ’ ಅನ್ನುವ ಮಾತನ್ನು ಅಪ್ಪನ ಮುಂದೆ ಹೇಗೆ ಹೇಳಲಿ ಅನ್ನುವುದೇ ಅವನ ಸಂಕಟ. ಕಳ್ಳತನ ಮಾಡಿದವರನ್ನು, ಲಂಚ ತಿಂದವರನ್ನು ವಜಾ ಮಾಡುತ್ತಾರೆ ಅಂತ ಆ ಮನೆಯವರಿಗೆ ಗೊತ್ತು.

ಅವನ ಕೆಲಸಕ್ಕೆ ಸೇರಿದ ಪತ್ರ ತರಿಸಿ ನೋಡಿದೆ. ಆರು ತಿಂಗಳು ಪ್ರೊಬೇಷನ್. ಆ ಅವಧಿಯಲ್ಲಿ ಎರಡೂ ಕಡೆಯವರು ಕಾರಣ ಕೊಡದೆ ಒಪ್ಪಂದ ಮುಗಿಸಬಹುದು ಅಂತ ಬರೆದಿತ್ತು. ಕಂಪನಿ ಮಾಡಿದ್ದು ಅಷ್ಟೇ. ನೀತಿಯಾಗಿ ಮಾಡಿದರಾ ಅಂದರೆ ನನಗೆ ಅನುಮಾನ. ಆದರೆ ಆ ಕಾಗದದಲ್ಲಿ ‘ನೀನು ತಪ್ಪಿತಸ್ಥ’ ಅನ್ನುವ ಮಾತು ಇರಲಿಲ್ಲ. ಅದನ್ನು ಸೇರಿಸಿದ್ದು ನಾವು, ‘ವಜಾ’ ಅನ್ನುವ ನಮ್ಮ ಅನುವಾದ.

ಅವತ್ತಿನಿಂದ ಈ ಒಂದು ಕ್ರಿಯಾಪದ ನನ್ನ ತಲೆಯಲ್ಲಿ ಕೂತಿದೆ. ಇವತ್ತು ಅದನ್ನೇ ಎತ್ತಿಕೊಂಡಿದ್ದೇನೆ.

ನಿಮ್ಮಲ್ಲಿ ಎಷ್ಟೋ ಜನಕ್ಕೆ ‘ಟರ್ಮಿನೇಟ್’ ಅಂದ ಕೂಡಲೇ ಕಪ್ಪು ಕನ್ನಡಕ ಹಾಕಿಕೊಂಡು ಗುಂಡು ಹಾರಿಸುವ ಯಂತ್ರಮಾನವ ನೆನಪಾಗುತ್ತಾನೆ, ಅಲ್ವಾ? 1984ರ ಹಾಲಿವುಡ್ ಸಿನಿಮಾ. ಹೆಸರು ಹೇಳುವ ಅಗತ್ಯವೇ ಇಲ್ಲ. ಆ ಸಿನಿಮಾ ಈ ಪದಕ್ಕೆ ರಕ್ತ ಅಂಟಿಸಿಬಿಟ್ಟಿತು. ನಮ್ಮ ಕನ್ನಡದಲ್ಲೂ ಹೀಗೇ ಆಗಿದೆ. ‘ಕೆಲಸ ಮುಗಿಸಿದ’ ಅಂದರೆ ಒಳ್ಳೆಯ ಹುಡುಗ. ‘ಅವನನ್ನ ಮುಗಿಸಿದ’ ಅಂದರೆ ಪೊಲೀಸ್ ಸ್ಟೇಷನ್. ಹಾಗಂತ ‘ಮುಗಿಸು’ ಪದದ ಮೂಲ ಅರ್ಥವೇ ಕೊಲೆ ಅಂತ ಯಾರೂ ಹೇಳುವುದಿಲ್ಲ.

ಟರ್ಮಿನೇಟ್ ಪದದ ಮೂಲ ಒಂದು ಕಲ್ಲು. ಸುಮ್ನೆ ಹೇಳುತ್ತಿಲ್ಲ, ನಿಜವಾದ ಕಲ್ಲು. ಲ್ಯಾಟಿನ್ ಭಾಷೆಯಲ್ಲಿ ‘ಟರ್ಮಿನಸ್’ ಅಂದರೆ ಗಡಿ, ಗಡಿಯಲ್ಲಿ ನೆಟ್ಟ ಕಲ್ಲು. ನಮ್ಮ ಹೊಲಗಳ ಮೂಲೆಯಲ್ಲಿ ಸರ್ವೆಯವರು ನೆಟ್ಟಿರುವ ಬಾಂದುಕಲ್ಲು ಇದೆಯಲ್ಲ, ಅದೇ. ಹಳೇ ರೋಮಿನವರಿಗೆ ಆ ಕಲ್ಲೇ ಒಬ್ಬ ದೇವರು. ದೇವರ ಹೆಸರೂ ಟರ್ಮಿನಸ್. ಫೆಬ್ರವರಿ 23ಕ್ಕೆ ಅವನ ಹಬ್ಬ. ಕಲ್ಲಿನ ಆ ಕಡೆ ಹೊಲದವರು, ಈ ಕಡೆ ಹೊಲದವರು ಇಬ್ಬರೂ ಬಂದು, ತಮ್ಮ ತಮ್ಮ ಬದಿಯಿಂದ ಹಾರ ಹಾಕುತ್ತಿದ್ದರು. ಒಂದು ಐತಿಹ್ಯವೂ ಇದೆ. ರೋಮಿನ ಬೆಟ್ಟದ ಮೇಲೆ ದೇವರುಗಳ ರಾಜ ಜೂಪಿಟರನಿಗೆ ದೊಡ್ಡ ಗುಡಿ ಕಟ್ಟಲು ಹೊರಟಾಗ, ಅಲ್ಲಿದ್ದ ಬೇರೆ ದೇವರುಗಳು ಜಾಗ ಬಿಟ್ಟುಕೊಟ್ಟರಂತೆ. ಟರ್ಮಿನಸ್ ಮಾತ್ರ ಜಪ್ಪಯ್ಯ ಅಂದರೂ ಏಳಲಿಲ್ಲ. ಕೊನೆಗೆ ಆ ಕಲ್ಲನ್ನು ಒಳಗೇ ಇಟ್ಟು ಗುಡಿ ಕಟ್ಟಿದರು. ಅವನ ಪೂಜೆ ಬಯಲಲ್ಲೇ ಆಗಬೇಕು ಅಂತ ಚಾವಣಿಯಲ್ಲಿ ಒಂದು ತೂತು ಬಿಟ್ಟರು.

ನಮಗೆ ಇದು ವಿಚಿತ್ರ ಅನ್ನಿಸಬಾರದು. ನಮ್ಮ ಊರುಗಳ ಹಳೇ ದಾನದ ಜಮೀನುಗಳಲ್ಲಿ ಲಿಂಗಮುದ್ರೆ ಕಲ್ಲು, ವಾಮನಮುದ್ರೆ ಕಲ್ಲು ಈಗಲೂ ಸಿಗುತ್ತವೆ. ಶಿವನ ಗುಡಿಗೆ ಬಿಟ್ಟ ಜಮೀನಿಗೆ ಲಿಂಗ ಕೆತ್ತಿದ ಕಲ್ಲು, ಬ್ರಾಹ್ಮಣರಿಗೋ ವಿಷ್ಣುವಿನ ಗುಡಿಗೋ ಬಿಟ್ಟದ್ದಕ್ಕೆ ಕೊಡೆ ಹಿಡಿದ ವಾಮನನ ಕಲ್ಲು. ಇಲ್ಲಿಂದ ಆಚೆ ಬೇರೆಯವರದು, ಕಿತ್ತರೆ ದೇವರು ನೋಡಿಕೊಳ್ಳುತ್ತಾನೆ ಅಂತ.

ಈ ಕಲ್ಲನ್ನು ಮನಸ್ಸಿನಲ್ಲಿಟ್ಟುಕೊಂಡರೆ ‘ಟರ್ಮಿನೇಟ್’ ಅರ್ಧ ಅರ್ಥವಾದ ಹಾಗೆ. ಓಡುತ್ತಿರುವ ಒಂದು ವಿಷಯಕ್ಕೆ ‘ಇಲ್ಲಿಗೆ ನಿನ್ನ ಎಲ್ಲೆ’ ಅಂತ ಒಂದು ಕಲ್ಲು ನೆಡುವುದು. ಕಲ್ಲಿನ ಈ ಕಡೆ ಇರುವುದೆಲ್ಲ ಹಾಗೇ ಇರುತ್ತದೆ. ಆಚೆಗೆ ಹೋಗುವಂತಿಲ್ಲ, ಅಷ್ಟೇ.

ಇದರ ನೆಂಟರನ್ನೂ ನೋಡಿ. ‘ಟರ್ಮ್’ ಅಂದರೆ ಅವಧಿ, ಎರಡು ಕಲ್ಲುಗಳ ನಡುವಿನ ಜಾಗ. ‘ಎಕ್ಸ್‌ಟರ್ಮಿನೇಟ್’ ಅಂದರೆ ಮೊದಮೊದಲು ಗಡಿಯಿಂದ ಆಚೆ ಓಡಿಸುವುದು. ನಿರ್ನಾಮ ಮಾಡುವುದು ಅನ್ನುವ ಅರ್ಥ ಆಮೇಲೆ ಬಂತು. ಬ್ಯಾಟರಿಯ ಟರ್ಮಿನಲ್ ಅಂದರೆ ತಂತಿ ಬಂದು ಸೇರುವ ತುದಿ. ನಿವೃತ್ತರಾದವರ ಬಾಯಲ್ಲಿ ಬರುವ ‘ಟರ್ಮಿನಲ್ ಬೆನಿಫಿಟ್ಸ್’ ಅಂದರೆ ಸೇವೆಯ ತುದಿಯಲ್ಲಿ ಸಿಗುವ ದುಡ್ಡು. ಗಿಡಮರ ಇಷ್ಟ ಇರುವವರಿಗೆ ಇನ್ನೊಂದು. ನಮ್ಮ ಮತ್ತಿ, ಹೊಳೆಮತ್ತಿ, ತಾರೆ, ಅಳಲೆ, ರಸ್ತೆ ಬದಿಯ ಕಾಡುಬಾದಾಮಿ ಇವೆಲ್ಲ ಒಂದೇ ಕುಲದ ಮರಗಳು. ಲಿನ್ನೇಯಸ್ ಆ ಕುಲಕ್ಕೆ ಇಟ್ಟ ಹೆಸರು ‘ಟರ್ಮಿನೇಲಿಯ’. ಕಾರಣ, ಎಲೆಗಳು ಕೊಂಬೆಯ ತುದಿಯಲ್ಲಿ ಗೊಂಚಲಾಗಿ ಬರುತ್ತವೆ. ತ್ರಿಫಲದ ಮೂರರಲ್ಲಿ ಎರಡು ಈ ಕುಲದವೇ. ಟರ್ಮಿನೇಟ್ ಪದದ ನೆಂಟರು ನಿಮ್ಮ ಅಜ್ಜಿಯ ಔಷಧದ ಡಬ್ಬಿಯಲ್ಲೂ ಇದ್ದಾರೆ ಅಂತಾಯಿತು.

ಈಗ ಬಳಕೆಗೆ ಬರೋಣ. ನಮ್ಮಲ್ಲಿ ಈ ಪದವನ್ನು ಅತಿ ಸಹಜವಾಗಿ ಬಳಸುವವರು ರೈಲ್ವೆಯವರು. ‘ದಿಸ್ ಟ್ರೇನ್ ಟರ್ಮಿನೇಟ್ಸ್ ಅಟ್ ಮೈಸೂರು.’ ಇಲ್ಲಿ ರೈಲನ್ನು ಯಾರೂ ಏನೂ ಮಾಡಲಿಲ್ಲ. ರೈಲು ತಾನೇ ತನ್ನ ಎಲ್ಲೆಗೆ ಬಂದು ನಿಂತಿತು. ಅಂದರೆ ಈ ಕ್ರಿಯಾಪದ ಎರಡು ಥರ ನಡೆಯುತ್ತದೆ. ತಾನೇ ಕೊನೆಗೊಳ್ಳುವುದು, ಇನ್ನೊಬ್ಬರು ಕೊನೆಗೊಳಿಸುವುದು. ಕನ್ನಡದಲ್ಲಿ ‘ಕೊಳ್ಳು’, ‘ಕೊಳಿಸು’ ಅಂತ ರೂಪ ಬದಲಾಗುತ್ತದೆ, ಯಾರ ಕೈ ಅಂತ ತಕ್ಷಣ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ರೂಪ ಒಂದೇ. ಆ ಅನುಕೂಲವನ್ನು ವಕೀಲರು, ಎಚ್‌ಆರ್‌ನವರು ಚೆನ್ನಾಗಿ ಬಳಸಿಕೊಳ್ಳುತ್ತಾರೆ. ನನ್ನ ವಿದ್ಯಾರ್ಥಿಯ ಕಾಗದ ನೆನಪಿಸಿಕೊಳ್ಳಿ. ‘ಸ್ಟ್ಯಾಂಡ್ ಟರ್ಮಿನೇಟೆಡ್.’ ನಾವು ತೆಗೆದುಹಾಕಿದೆವು ಅನ್ನಲಿಲ್ಲ. ಸೇವೆಗಳು ಕೊನೆಗೊಂಡು ನಿಂತಿವೆಯಂತೆ, ಮಳೆ ನಿಂತ ಹಾಗೆ!

ರೈಲ್ವೆಯವರದೇ ಇನ್ನೊಂದು ಮಾತಿದೆ, ‘ಶಾರ್ಟ್ ಟರ್ಮಿನೇಟ್’. ಹಳಿ ಕೆಲಸ ನಡೆಯುವಾಗ ಪ್ರಕಟಣೆಯಲ್ಲಿ ನೋಡಿರುತ್ತೀರಿ. ಮೈಸೂರಿಗೆ ಹೋಗಬೇಕಾದ ಗಾಡಿ ಬೆಂಗಳೂರಿಗೇ ನಿಂತರೆ ಅದು ಶಾರ್ಟ್ ಟರ್ಮಿನೇಟ್. ಆ ಗಾಡಿ ‘ಕ್ಯಾನ್ಸಲ್’ ಆದರೆ ಹೊರಡುವುದೇ ಇಲ್ಲ. ಕನ್ನಡ ಪತ್ರಿಕೆಗಳು ಶಾರ್ಟ್ ಟರ್ಮಿನೇಟನ್ನು ‘ಭಾಗಶಃ ರದ್ದು’ ಅಂತ ಬರೆಯುತ್ತವೆ. ಓದುಗರಿಗೆ ಅರ್ಥವಾಗುತ್ತದೆ, ಪರವಾಗಿಲ್ಲ. ಆದರೆ ರದ್ದಿಗೂ ಟರ್ಮಿನೇಟಿಗೂ ಇರುವ ವ್ಯತ್ಯಾಸ ಅಲ್ಲಿ ಮುಚ್ಚಿಹೋಗುತ್ತದೆ. ಆ ವ್ಯತ್ಯಾಸದಲ್ಲೇ ದುಡ್ಡು ಇರುವುದು.

ಹೇಗೆ ಅಂತ ಹೇಳುತ್ತೇನೆ. ಒಂದು ಒಪ್ಪಂದವನ್ನು ‘ರಿಸಿಂಡ್’ ಮಾಡಿದರೆ, ಅಂದರೆ ಬುಡದಿಂದಲೇ ರದ್ದು ಮಾಡಿದರೆ, ಅದರಿಂದ ಪಡೆದ ಲಾಭವನ್ನು ವಾಪಸ್ ಕೊಡಬೇಕು. 1872ರ ಭಾರತೀಯ ಕರಾರು ಕಾಯ್ದೆಯ 64ನೇ ಕಲಮು ಅಂಥ ಕಡೆ ಅದನ್ನೇ ಹೇಳುತ್ತದೆ. ಟರ್ಮಿನೇಟ್ ಹಾಗಲ್ಲ. ಅದು ಹಿಂದಕ್ಕೆ ನೋಡುವುದಿಲ್ಲ. ನೀವು ಏಳು ತಿಂಗಳು ಬಾಡಿಗೆಗಿದ್ದು ಎಂಟನೇ ತಿಂಗಳು ಒಪ್ಪಂದ ಟರ್ಮಿನೇಟ್ ಆದರೆ, ಆ ಏಳು ತಿಂಗಳ ಬಾಡಿಗೆ ಬಾಡಿಗೆಯೇ, ಬಾಕಿ ಬಾಕಿಯೇ. ಕೆಲಸದಲ್ಲೂ ಅಷ್ಟೇ. ಟರ್ಮಿನೇಟ್ ಆದ ದಿನದವರೆಗಿನ ಸಂಬಳ ನಿಮ್ಮದು. ‘ನಿನ್ನನ್ನು ಟರ್ಮಿನೇಟ್ ಮಾಡಿದ್ದೇವೆ, ಈ ತಿಂಗಳ ಇಪ್ಪತ್ತು ದಿನದ ಸಂಬಳವೂ ಇಲ್ಲ’ ಅಂದರೆ ಅವರಿಗೆ ಆ ಪದದ ಅರ್ಥ ಗೊತ್ತಿಲ್ಲ, ಅಥವಾ ನಿಮಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ.

‘ಎಕ್ಸ್‌ಪೈರ್’ ಇನ್ನೊಂದು ಜಾತಿ. ಅವಧಿ ತುಂಬಿ ತಾನಾಗಿ ಮುಗಿಯುವುದು. ಹನ್ನೊಂದು ತಿಂಗಳ ಅಗ್ರಿಮೆಂಟು ಹನ್ನೊಂದು ತಿಂಗಳಿಗೆ ಎಕ್ಸ್‌ಪೈರ್ ಆಗುತ್ತದೆ. ಆರನೇ ತಿಂಗಳಿಗೆ ಯಾರೋ ಎದ್ದು ಮುಗಿಸಿದರೆ ಟರ್ಮಿನೇಟ್. ನಮ್ಮವರು ‘ತಾತ ಎಕ್ಸ್‌ಪೈರ್ ಆದರು’ ಅನ್ನುತ್ತಾರೆ, ಅವಧಿ ತುಂಬಿತು ಅನ್ನುವ ಅರ್ಥದಲ್ಲಿ ಅದೂ ಸರಿಯೇ. ತಾತ ಟರ್ಮಿನೇಟ್ ಆದರು ಅಂದರೆ ಮಾತ್ರ ಮೊಮ್ಮಕ್ಕಳನ್ನು ವಿಚಾರಣೆಗೆ ಕರೆಯುತ್ತಾರೆ.

‘ಸಸ್ಪೆಂಡ್’ ಕೂಡ ಬೇರೆಯೇ. ಅದು ತಾತ್ಕಾಲಿಕವಾಗಿ ತಡೆಹಿಡಿಯುವುದು. ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಸಿಂಧೂ ಜಲ ಒಪ್ಪಂದ. 1960ರಲ್ಲಿ ಭಾರತ, ಪಾಕಿಸ್ತಾನ ಮಾಡಿಕೊಂಡದ್ದು. ಪಹಲ್ಗಾಮ್ ದಾಳಿಯ ನಂತರ, 2025ರ ಏಪ್ರಿಲ್ 23ರಂದು ಭಾರತ ಅದನ್ನು ‘ಅಬೆಯನ್ಸ್’ನಲ್ಲಿ, ಅಂದರೆ ತಡೆಹಿಡಿದು, ಇಟ್ಟಿದ್ದೇವೆ ಅಂದಿತು. ಟರ್ಮಿನೇಟ್ ಮಾಡಿದ್ದೇವೆ ಅನ್ನಲಿಲ್ಲ. ಯಾಕಿರಬಹುದು? ಆ ಒಪ್ಪಂದದ 12ನೇ ವಿಧಿಯಲ್ಲಿ, ಎರಡೂ ಸರ್ಕಾರಗಳು ಅದಕ್ಕಾಗಿಯೇ ಇನ್ನೊಂದು ಒಪ್ಪಂದ ಮಾಡಿಕೊಂಡು ಟರ್ಮಿನೇಟ್ ಮಾಡುವವರೆಗೆ ಇದು ಜಾರಿಯಲ್ಲಿರುತ್ತದೆ ಅಂತ ಬರೆದಿದೆ. ಒಬ್ಬರೇ ಕಲ್ಲು ನೆಡುವ ಹಾಗಿಲ್ಲ, ಇಬ್ಬರೂ ಬರಬೇಕು. ರೋಮಿನ ಹಬ್ಬದಲ್ಲಿ ಎರಡು ಹೊಲದವರೂ ಬಂದ ಹಾಗೆ. ಅದಕ್ಕೇ ಇರಬೇಕು, ದೆಹಲಿ ಆ ಪದವನ್ನು ಮುಟ್ಟದೆ ಪಕ್ಕದ ಪದ ಹಿಡಿಯಿತು. ಕನ್ನಡದಲ್ಲಿ ‘ಅಮಾನತು’ ಅಂತ ಬರೆದವರು ಸರಿಯಾಗಿ ಬರೆದರು. ‘ರದ್ದು’ ಅಂತ ತಲೆಬರಹ ಕೊಟ್ಟವರು ಸರ್ಕಾರ ಆಡದ ಮಾತನ್ನು ಅದರ ಬಾಯಿಗೆ ತುರುಕಿದರು.

ಈಗ ವಜಾ ವಿಷಯಕ್ಕೆ ಮರಳೋಣ. ನನಗೆ ಇವತ್ತು ಮುಖ್ಯವಾಗಿ ಹೇಳಬೇಕಾದದ್ದು ಇದೇ.

ನಮ್ಮ ಸಂವಿಧಾನದ 311ನೇ ವಿಧಿ ಸರ್ಕಾರಿ ನೌಕರರಿಗೆ ರಕ್ಷಣೆ ಕೊಡುತ್ತದೆ. ಅಲ್ಲಿ ಬರುವ ಮಾತು ‘ಡಿಸ್‌ಮಿಸ್’, ‘ರಿಮೂವ್’, ದರ್ಜೆ ಇಳಿಸುವುದು. ಇವು ಶಿಕ್ಷೆಗಳು. ವಿಚಾರಣೆ ಮಾಡದೆ ಕೊಡುವಂತಿಲ್ಲ, ಕೆಲವು ಅಪವಾದಗಳನ್ನು ಬಿಟ್ಟರೆ. ವಜಾ ಅನ್ನುವುದು ಇವುಗಳಲ್ಲಿ ಮೊದಲನೆಯದರ ಕನ್ನಡ. ಟರ್ಮಿನೇಷನ್ ಆ ಪಟ್ಟಿಯಲ್ಲಿಲ್ಲ. ಅದು ಶಿಕ್ಷೆಯ ಹೆಸರಲ್ಲ. ಹಾಗಾದರೆ ಒಬ್ಬ ಮೇಲಧಿಕಾರಿ ಜಾಣನಾಗಿದ್ದರೆ ಏನು ಮಾಡುತ್ತಾನೆ? ಶಿಕ್ಷೆ ಕೊಡುವ ಮನಸ್ಸಿದ್ದರೂ ವಿಚಾರಣೆಯ ತಲೆನೋವು ಬೇಡ ಅಂತ ಪತ್ರದಲ್ಲಿ ‘ಟರ್ಮಿನೇಟೆಡ್’ ಅಂತ ಬರೆದು ಕೈತೊಳೆದುಕೊಳ್ಳುತ್ತಾನೆ.

ಈ ಆಟ ಸುಪ್ರೀಂ ಕೋರ್ಟಿನ ಮುಂದೆ ಬಹಳ ಹಿಂದೆಯೇ ಬಂತು. ಪುರುಷೋತ್ತಮ್ ಲಾಲ್ ಧಿಂಗ್ರಾ ಅನ್ನುವ ರೈಲ್ವೆ ನೌಕರನ ಮೊಕದ್ದಮೆ. 1957ರ ನವೆಂಬರಿನಲ್ಲಿ ತೀರ್ಪು ಬಂತು. ಆತನನ್ನು ತಾತ್ಕಾಲಿಕವಾಗಿ ಏರಿದ್ದ ಹುದ್ದೆಯಿಂದ ಹಳೇ ಹುದ್ದೆಗೆ ಇಳಿಸಿದ್ದರು. ಆತ ಮೊಕದ್ದಮೆ ಸೋತ. ಅವನಿಗೆ ಮೇಲಿನ ಹುದ್ದೆಯ ಮೇಲೆ ಹಕ್ಕಿರಲಿಲ್ಲ, ಇದು ಶಿಕ್ಷೆಯಲ್ಲ ಅಂದಿತು ಕೋರ್ಟು. ಆದರೆ ಆ ತೀರ್ಪಿನಲ್ಲಿ ಭಾಷೆ ಕಲಿಸುವವರು ನೆನಪಿಡಬೇಕಾದ ಒಂದು ಮಾತು ಬಂತು. ಆದೇಶದಲ್ಲಿ ಟರ್ಮಿನೇಟ್, ಡಿಸ್‌ಚಾರ್ಜ್ ಅಂತ ಮೆತ್ತಗಿನ ಪದ ಹಾಕಿದ ಮಾತ್ರಕ್ಕೆ ಅದೇ ಕೊನೆಯ ಮಾತಲ್ಲ. ನೌಕರನಿಗೆ ಆ ಹುದ್ದೆಯ ಮೇಲೆ ಹಕ್ಕಿತ್ತಾ, ಅವನ ಸಂಬಳಕ್ಕೋ ಹೆಸರಿಗೋ ಕೆಡುಕಾಯಿತಾ ಅಂತ ಕೋರ್ಟು ಪದದ ಹಿಂದೆ ಹೋಗಿ ನೋಡುತ್ತದೆ. ಧಿಂಗ್ರಾ ಸೋತ, ಅವನ ನಂತರ ಬಂದ ಎಷ್ಟೋ ನೌಕರರು ಆ ಮಾತನ್ನು ಹಿಡಿದು ವಾದಿಸಿದರು.

ಹಾಗಾಗಿ ಈ ಪದ ಎರಡು ಕಡೆ ಮೋಸ ಮಾಡುತ್ತದೆ. ಇಂಗ್ಲಿಷಿನಲ್ಲಿ ಬರೆಯುವವರು ಶಿಕ್ಷೆಯನ್ನು ಇದರೊಳಗೆ ಬಚ್ಚಿಡಬಹುದು. ಕನ್ನಡದಲ್ಲಿ ಓದುವ ನಾವು ಇಲ್ಲದ ಶಿಕ್ಷೆಯನ್ನು ಅದರೊಳಗೆ ಕಾಣುತ್ತೇವೆ. ಖಾಸಗಿ ಕಂಪನಿಗಳು ಜನ ಕಡಿಮೆ ಮಾಡಿದಾಗ ‘ಸಾವಿರ ನೌಕರರ ವಜಾ’ ಅಂತ ತಲೆಬರಹ ಬರುತ್ತದೆ. ಆ ಸಾವಿರ ಜನ ಏನು ತಪ್ಪು ಮಾಡಿದ್ದರು? 1947ರ ಕೈಗಾರಿಕಾ ವಿವಾದ ಕಾಯ್ದೆ ‘ರಿಟ್ರೆಂಚ್‌ಮೆಂಟ್’ ಅನ್ನುವುದನ್ನು ವಿವರಿಸುವಾಗ ಬಹಳ ಎಚ್ಚರದಿಂದ ಬರೆದಿತ್ತು. ಶಿಸ್ತುಕ್ರಮದ ಶಿಕ್ಷೆಯನ್ನು ಬಿಟ್ಟು, ಬೇರೆ ಯಾವ ಕಾರಣಕ್ಕಾದರೂ ಮಾಲೀಕ ಕೆಲಸಗಾರನ ಸೇವೆಯನ್ನು ಟರ್ಮಿನೇಟ್ ಮಾಡುವುದು, ಅಂತ. ಶಿಕ್ಷೆಯನ್ನು ಆ ವಾಕ್ಯದಲ್ಲೇ ಆಚೆ ಇಟ್ಟಿತ್ತು. ಅಂಥ ಕಡೆ ಒಂದು ತಿಂಗಳ ನೋಟೀಸು, ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳ ಅಂತ ಪರಿಹಾರವನ್ನೂ ಇಟ್ಟಿತ್ತು. ತಪ್ಪು ಮಾಡಿದವನಿಗೆ ಯಾರಾದರೂ ಪರಿಹಾರ ಕೊಡುತ್ತಾರಾ? ನಮ್ಮ ಕನ್ನಡದಲ್ಲಿ ‘ಸೇವೆ ಕೊನೆಗೊಳಿಸಿದರು’ ಅಂತ ಸರಳವಾಗಿ ಬರೆದರೆ ಸಾಕು. ಎರಡಕ್ಷರದ ‘ವಜಾ’ ತಲೆಬರಹದಲ್ಲಿ ಚೆನ್ನಾಗಿ ಕೂರುತ್ತದೆ ಅನ್ನುವುದು ನಿಜ. ಅದಕ್ಕೆ ಊಟದ ಡಬ್ಬಿ ಹಿಡಿದು ಪಾರ್ಕಿನಲ್ಲಿ ಕೂರುವ ಹುಡುಗರು ಬೆಲೆ ಕೊಡುತ್ತಿದ್ದಾರೆ.

ಇನ್ನೊಂದು ಕಡೆ, ಈ ಪದದ ತಣ್ಣಗಿನ ಗುಣ ಒಳ್ಳೆಯದನ್ನೂ ಮಾಡಿದೆ. 1971ರ ಗರ್ಭಪಾತ ಕಾಯ್ದೆಯ ಇಂಗ್ಲಿಷ್ ಹೆಸರು ‘ಮೆಡಿಕಲ್ ಟರ್ಮಿನೇಷನ್ ಆಫ್ ಪ್ರೆಗ್ನೆನ್ಸಿ ಆ್ಯಕ್ಟ್’. ಅದಕ್ಕೂ ಮೊದಲು ಈ ವಿಷಯ ಇದ್ದದ್ದು ದಂಡ ಸಂಹಿತೆಯಲ್ಲಿ, ಅಪರಾಧವಾಗಿ. ಶಾಂತಿಲಾಲ್ ಷಾ ಸಮಿತಿಯ ವರದಿಯ ನಂತರ ಬಂದ ಈ ಕಾಯ್ದೆ ಅದನ್ನು ವೈದ್ಯರ ಮೇಜಿನ ಮೇಲೆ ತಂದಿಟ್ಟಿತು. ಪದವೂ ವೈದ್ಯರದೇ ಆಯಿತು. ನಮ್ಮ ಹಳ್ಳಿಗಳಲ್ಲಿ ‘ತೆಗೆಸಿದಳು’ ಅನ್ನುತ್ತಾರೆ, ದನಿ ತಗ್ಗಿಸಿ. ಆಸ್ಪತ್ರೆಯ ಚೀಟಿಯಲ್ಲಿ ‘ಎಂಟಿಪಿ’ ಅಂತ ಮೂರಕ್ಷರ ಇರುತ್ತದೆ. ಅದರಲ್ಲಿ ಬೈಗುಳವೂ ಇಲ್ಲ, ಕನಿಕರವೂ ಇಲ್ಲ. ಕೆಲವು ಸಂದರ್ಭದಲ್ಲಿ ಹೆಣ್ಣುಮಗಳಿಗೆ ಬೇಕಾಗಿರುವುದು ಅಂಥ ಪದವೇ.

ಕಂಪ್ಯೂಟರ್ ಓದುವವರು ಇಲ್ಲಿ ಕೂತಿದ್ದೀರಿ. ನಿಮಗೆ ಯುನಿಕ್ಸ್, ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂಗಳು ಗೊತ್ತಿದ್ದರೆ ಈ ಪದದ ಮರ್ಯಾದೆ ಬೇಗ ಅರ್ಥವಾಗುತ್ತದೆ. ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸಲು ಮುಖ್ಯವಾಗಿ ಎರಡು ಸಂಕೇತ ಇವೆ. 15ನೇ ನಂಬರಿನದು ‘ಸಿಗ್‌ಟರ್ಮ್’, ಟರ್ಮಿನೇಟ್ ಅಂತ. 9ನೇ ನಂಬರಿನದು ‘ಸಿಗ್‌ಕಿಲ್’. ಮೊದಲನೆಯದು ‘ಸಾಕಪ್ಪ, ಅರ್ಧ ಬರೆದಿರುವ ಫೈಲ್ ಉಳಿಸಿ, ಬಾಗಿಲು ಹಾಕಿ ಹೊರಡು’ ಅಂತ ಹೇಳಿದ ಹಾಗೆ. ಪ್ರೋಗ್ರಾಮಿಗೆ ಸಾಮಾನು ಕಟ್ಟಿಕೊಳ್ಳಲು ಅವಕಾಶ ಇರುತ್ತದೆ. ಮೊಂಡಾದರೆ ಕೇಳದೆಯೂ ಇರಬಹುದು. ಎರಡನೆಯದಕ್ಕೆ ಮಾತುಕತೆ ಇಲ್ಲ. ತಮಾಷೆ ಅಂದರೆ ಈ ಸಂಕೇತಗಳನ್ನು ಕಳಿಸುವ ಆಜ್ಞೆಯ ಹೆಸರೇ ‘ಕಿಲ್’. ಆದರೆ ನೀವು ನಂಬರ್ ಹೇಳದಿದ್ದರೆ ಅದು ಕಳಿಸುವುದು ಟರ್ಮಿನೇಟ್ ಸಂಕೇತವನ್ನೇ. ಹೆಸರು ಕಟುಕ, ಕೆಲಸ ಸಜ್ಜನ.

ಎಲೆಕ್ಟ್ರಿಷಿಯನ್ನರನ್ನು ಕೇಳಿದರೆ ಇನ್ನೂ ಮಜಾ. ಅವರು ‘ಕೇಬಲ್ ಟರ್ಮಿನೇಟ್ ಮಾಡಿದ್ದೇವೆ’ ಅಂದರೆ ಕತ್ತರಿಸಿ ಬಿಸಾಕಿದ್ದೇವೆ ಅಂತ ಅಲ್ಲ. ತುದಿಗೆ ಲಗ್ ಅನ್ನುವ ಲೋಹದ ತುಂಡು ಹಾಕಿ, ಬೋರ್ಡಿನ ಟರ್ಮಿನಲ್ಲಿಗೆ ಬಿಗಿದಿದ್ದೇವೆ ಅಂತ. ಅಂದರೆ ಜೋಡಿಸಿದ್ದೇವೆ! ಫೋನ್ ಕಂಪನಿಗಳಲ್ಲೂ ಹೀಗೇ. ನಿಮ್ಮ ಕರೆ ಬೇರೆ ಕಂಪನಿಯ ಗಿರಾಕಿಯ ಫೋನಿಗೆ ಹೋಗಿ ಮುಟ್ಟುವುದಕ್ಕೆ ‘ಕಾಲ್ ಟರ್ಮಿನೇಷನ್’ ಅನ್ನುತ್ತಾರೆ. ಅದಕ್ಕೆ ಈ ಕಂಪನಿ ಆ ಕಂಪನಿಗೆ ನಿಮಿಷಕ್ಕೆ ಇಷ್ಟು ಅಂತ ಕೊಡಬೇಕಿತ್ತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2017ರ ಅಕ್ಟೋಬರಿನಿಂದ ಅದನ್ನು 14 ಪೈಸೆಯಿಂದ 6 ಪೈಸೆಗೆ ಇಳಿಸಿತು, 2021ರ ಜನವರಿಯಿಂದ ಸೊನ್ನೆ ಮಾಡಿತು. ಕರೆ ಕಟ್ ಆಗುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇಲ್ಲೆಲ್ಲ ಪದ ತನ್ನ ಹಳೇ ಕಲ್ಲಿನ ಅರ್ಥಕ್ಕೆ ಹತ್ತಿರ ಇದೆ. ತಲುಪಬೇಕಾದ ತುದಿ.

ನಾನೇ ಎಡವಿದ ಒಂದು ಕತೆ ಹೇಳದಿದ್ದರೆ ನ್ಯಾಯ ಆಗುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತು. ಮನೆಯಲ್ಲಿ ಇಂಗ್ಲಿಷ್ ಎಂಎ ಮಾಡಿದವನು ನಾನೊಬ್ಬನೇ, ಸಾಕಷ್ಟು ಜಂಭ ಇತ್ತು. ನನ್ನ ಸೋದರಮಾವ ಬಾಡಿಗೆ ಅಂಗಡಿಯ ಕರಾರು ಪತ್ರ ತಂದು ಓದಿ ಹೇಳು ಅಂದರು. ಅದರಲ್ಲಿ ‘ದಿ ಲೀಸ್ ಶಲ್ ಡಿಟರ್ಮಿನ್’ ಅಂತ ಒಂದು ಸಾಲು, ಮುಂದೆ ಒಂದು ತಾರೀಖು. ‘ಆ ತಾರೀಖಿಗೆ ಲೀಸ್ ನಿರ್ಧಾರ ಆಗುತ್ತೆ ಮಾವ’ ಅಂದೆ. ಹೊಸ ಬಾಡಿಗೆ ನಿರ್ಧಾರ ಮಾಡುತ್ತಾರೆ ಅಂತ ಮಾವ ತಿಳಿದುಕೊಂಡರು. ಆ ದಿನ ಮಾಲೀಕರು ಬಂದರು, ಕೈಯಲ್ಲಿ ಬೀಗ. ಮಾವ ನನ್ನನ್ನು ಕರೆದುಕೊಂಡು ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಕೂರುವ ಪತ್ರ ಬರೆಯುವವರ ಹತ್ತಿರ ಓಡಿದರು. ಆ ಮುದುಕರು ಎಸ್ಸೆಸ್ಸೆಲ್ಸಿಯೂ ಪಾಸಾಗಿರಲಿಲ್ಲ. ಕನ್ನಡಕ ಮೇಲೆತ್ತಿ ‘ಡಿಟರ್ಮಿನ್ ಅಂದ್ರೆ ಖತಂ ಅಂತ ಅಲ್ವಾ ಮೇಷ್ಟ್ರೇ?’ ಅಂದರು.

ಅವರು ಹೇಳಿದ್ದೇ ಸರಿ. ಡಿಟರ್ಮಿನ್ ಕೂಡ ಅದೇ ಕಲ್ಲಿನಿಂದ ಹುಟ್ಟಿದ್ದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 111ನೇ ಕಲಮಿನಲ್ಲಿ ಲೀಸ್ ಯಾವಾಗ ಯಾವಾಗ ‘ಡಿಟರ್ಮಿನ್’ ಆಗುತ್ತದೆ ಅಂತ ಪಟ್ಟಿ ಇದೆ. ಮುಗಿಯುತ್ತದೆ ಅಂತ ಅರ್ಥ. ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ, ಪದವೂ ಹಾಗೇ ಇದೆ. ಮಾವ ಆಮೇಲೆ ನನಗೆ ಯಾವ ಕಾಗದವನ್ನೂ ತೋರಿಸಲಿಲ್ಲ.

ಎಲ್ಲಿ ಬಳಸಬಾರದು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಭಾಷಣ ಟರ್ಮಿನೇಟ್ ಮಾಡುವುದಿಲ್ಲ, ಕನ್‌ಕ್ಲೂಡ್ ಮಾಡುತ್ತೇವೆ. ಕಾನೂನನ್ನು ರಿಪೀಲ್ ಮಾಡುತ್ತಾರೆ, ಕೆಟ್ಟ ಪದ್ಧತಿಯನ್ನು ಅಬಾಲಿಶ್ ಮಾಡುತ್ತಾರೆ. ವಿಧಾನಸಭೆ ಆ ದಿನಕ್ಕೆ ಅಡ್ಜರ್ನ್ ಆಗುತ್ತದೆ, ಅಧಿವೇಶನ ಪ್ರೊರೋಗ್ ಆಗುತ್ತದೆ, ಸಭೆಯೇ ಹೋದರೆ ಡಿಸಾಲ್ವ್. ಪತ್ರಿಕೆ ತರಿಸುವುದನ್ನು ಡಿಸ್‌ಕಂಟಿನ್ಯೂ ಮಾಡುತ್ತೀರಿ. ‘ಐ ಟರ್ಮಿನೇಟೆಡ್ ಮೈ ಲಂಚ್’ ಅಂತ ಒಬ್ಬ ನನಗೆ ಪರೀಕ್ಷೆಯಲ್ಲಿ ಬರೆದಿದ್ದ. ಪಾಪ, ಮೆಸ್ಸಿನ ಊಟ ಇರಬೇಕು. ಪ್ರೀತಿ, ಸ್ನೇಹಕ್ಕೂ ಬೇಡ. ಕಾಗದಪತ್ರ ಇರುವ ಕಡೆ, ಅವಧಿ ಇರುವ ಕಡೆ, ಎರಡು ಪಕ್ಷ ಇರುವ ಕಡೆ ಈ ಪದ ಚೆನ್ನಾಗಿ ಕೂರುತ್ತದೆ. ಇನ್ನು ಕೆಲಸವನ್ನು ನೀವೇ ಬಿಡುವಾಗ ‘ರಿಸೈನ್’ ಅನ್ನಿ. ‘ಐ ಆ್ಯಮ್ ಟರ್ಮಿನೇಟಿಂಗ್ ಮೈ ಜಾಬ್’ ಅಂತ ಬರೆದು, ಮುಂದಿನ ಕಂಪನಿಯವರು ಹಳೇ ಕಡತ ವಿಚಾರಿಸುವಾಗ ಆ ಪದ ಎದ್ದು ಕಾಣುವ ಹಾಗೆ ಮಾಡಿಕೊಳ್ಳಬೇಡಿ. ಕೈಗೆ ರಿಲೀವಿಂಗ್ ಲೆಟರ್ ತೆಗೆದುಕೊಂಡೇ ಹೊರಡಿ.

ವಾಕ್ಯದಲ್ಲಿ ಕರ್ಮ ಯಾವುದು ಅನ್ನುವುದನ್ನೂ ಗಮನಿಸಿ. ಹಳೇ ಶೈಲಿಯಲ್ಲಿ ಸೇವೆಯನ್ನು, ಒಪ್ಪಂದವನ್ನು ಟರ್ಮಿನೇಟ್ ಮಾಡುತ್ತಿದ್ದರು. ‘ಹಿಸ್ ಸರ್ವಿಸಸ್ ವೇರ್ ಟರ್ಮಿನೇಟೆಡ್.’ ಈಗ ಅಮೆರಿಕದ ರೂಢಿ ಬಂದು ‘ಹೀ ವಾಸ್ ಟರ್ಮಿನೇಟೆಡ್’ ಅನ್ನುತ್ತಾರೆ. ಮನುಷ್ಯನೇ ಮುಗಿದುಹೋದ. ನಾನು ಹಳಬ, ನನಗೆ ಮೊದಲನೆಯದೇ ಇಷ್ಟ. ಕೆಲಸ ಹೋಗಲಿ, ಹುಡುಗ ಇರಲಿ.

ಕೊನೆಗೆ ಪ್ರಶ್ನೆಗಳಿಗೆ ಬಿಟ್ಟೆ. ಹಿಂದಿನ ಸಾಲಿನಲ್ಲಿದ್ದ ರೈಲ್ವೆಯ ನಿವೃತ್ತರೊಬ್ಬರು ಎದ್ದರು. ‘ಸರ್, ನೀವು ರೈಲಿನ ಅರ್ಧ ಕತೆ ಹೇಳಿದ್ರಿ. ಗಾಡಿ ಟರ್ಮಿನೇಟ್ ಆದ ಮೇಲೇ ನಮ್ಮ ಕೆಲಸ ಶುರು. ತೊಳೆದು, ನೀರು ತುಂಬಿಸಿ, ಬ್ರೇಕ್ ನೋಡಿ ಕೊಟ್ರೆ ಅದೇ ಬೋಗಿಗಳು ಬೇರೆ ನಂಬರಲ್ಲಿ ಹೊರಡ್ತಾವೆ. ಅದಕ್ಕೆ ಒರಿಜಿನೇಟ್ ಅಂತೀವಿ’ ಅಂದರು. ನನಗೆ ಹೊಳೆದೇ ಇರಲಿಲ್ಲ, ಬರೆದುಕೊಂಡೆ.

ಇನ್ನೊಬ್ಬರು ‘ಆ ಹುಡುಗ ಏನಾದ ಸರ್?’ ಅಂತ ಕೇಳಿದರು. ಅವತ್ತು ರಾತ್ರಿ ನಾನೇ ಅವನ ಜೊತೆ ಅವರ ಮನೆಗೆ ಹೋದೆ. ಅವರಪ್ಪ ಕಾಗದ ನೋಡಲೇ ಇಲ್ಲ. ‘ಹೇಳೋಕೆ ಮೂರು ವಾರ ಬೇಕಾಯ್ತೇನೋ?’ ಅಂದರು, ಅಷ್ಟೇ. ಆ ತಿಂಗಳ ಬಾಕಿ ಸಂಬಳ ಕೇಳಿ ಒಂದು ಪತ್ರ ಬರೆಸಿದೆ, ಬಂತು.

ಕೊನೆಯವಳು ಅಂತಿಮ ವರ್ಷದ ಬಿಕಾಂ ಹುಡುಗಿ. ‘ಸರ್, ನಾವು ನಾಲ್ಕು ಜನ ರೂಮ್ ಖಾಲಿ ಮಾಡ್ತಿದ್ದೀವಿ. ಓನರ್‌ಗೆ ಟರ್ಮಿನೇಟ್ ಅಂತ ಬರೆದ್ರೆ ಕೋಪ ಮಾಡ್ಕೊಳ್ಳಲ್ವಾ?’ ಅಂದಳು. ಇಲ್ಲಮ್ಮ, ಇಂಥ ಕಡೆಗೇ ಈ ಪದ ಇರುವುದು ಅಂದೆ. ಮೊದಲು ಅಗ್ರಿಮೆಂಟಿನಲ್ಲಿ ಎಷ್ಟು ದಿನದ ನೋಟೀಸು ಅಂತ ನೋಡಿ. ಅದರಲ್ಲಿ ಏನೂ ಇಲ್ಲದ ತಿಂಗಳ ಬಾಡಿಗೆಗೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮು ಹದಿನೈದು ದಿನ ಅನ್ನುತ್ತದೆ. ಆಮೇಲೆ ಬೋರ್ಡಿನ ಮೇಲೆ ಬರೆದು ತೋರಿಸಿದೆ: ‘ವೀ ವಿಶ್ ಟು ಟರ್ಮಿನೇಟ್ ದಿ ಟೆನೆನ್ಸಿ ವಿತ್ ಎಫೆಕ್ಟ್ ಫ್ರಮ್’, ಮುಂದೆ ತಾರೀಖು. ಯಾರು ಮುಗಿಸುತ್ತಿದ್ದಾರೆ, ಏನನ್ನು, ಯಾವತ್ತಿನಿಂದ, ಮೂರೂ ಬಂತು. ಕಾರಣ ಬರೆಯುವ ಅಗತ್ಯ ಇಲ್ಲ, ಕಾಗದದಲ್ಲಿ ನೀರಿನ ಜಗಳ ತೆಗೆಯಬೇಡಿ.

ಅವಳು ಪೂರ್ತಿ ಬರೆದುಕೊಂಡು ತಲೆಯೆತ್ತಿ, ‘ಅಡ್ವಾನ್ಸ್ ಸರ್?’ ಅಂದಳು. ಅದಕ್ಕೆ ಬೇರೆ ಕ್ರಿಯಾಪದ ಇದೆ, ರೀಫಂಡ್, ಅದನ್ನು ಅದೇ ಪತ್ರದ ಎರಡನೇ ಸಾಲಿನಲ್ಲೇ ಬರೆದುಬಿಡಿ ಅಂದೆ.